ನಾರ್ಮಲಕ್ಕನ ಕಣ್ಣೆದುರಿನ ಎಳೆ

ಸೂಕ್ಷ್ಮದರ್ಶಕದ ಗಾಜನ್ನು ನಾರ್ಮಲಕ್ಕ ಬೆಳಗಿನಿಂದ ಎಷ್ಟು ಸಲ ಒರೆಸಿದಳೋ ಲೆಕ್ಕವಿಲ್ಲ. ಒರೆಸಿ, ಬಾಯಿಂದ ಹಬೆ ಊದಿ, ಮತ್ತೆ ಒರೆಸಿ ಕಣ್ಣಿಟ್ಟರೆ ಎಳೆ ಅಲ್ಲೇ ಇತ್ತು. ಜೇಡ ಅರ್ಧ ನೇಯ್ದು ಬಿಟ್ಟುಹೋದ ಬಲೆಯ ತುಂಡಿನಂಥದ್ದು. ಸ್ಲೈಡನ್ನು ಎಡಕ್ಕೆ ಸರಿಸಿದರೂ ಸರಿಯದು, ಬಲಕ್ಕೆ ಸರಿಸಿದರೂ ಸರಿಯದು. ಕಣ್ಣು ಹೊರಳಿಸಿದರೆ ಮಾತ್ರ ತಾನೂ ಒಂದಿಷ್ಟು ತೇಲಿ, ಮತ್ತೆ ಮೆಲ್ಲಗೆ ಬಂದು ನಿಲ್ಲುತ್ತಿತ್ತು.

“ಇದಕ್ಕೆ ವಯಸ್ಸಾಯ್ತು,” ಎಂದು ಸೂಕ್ಷ್ಮದರ್ಶಕದ ತಲೆ ತಟ್ಟಿದಳು.

“ನಿಮಗೂ ಆಯ್ತಲ್ಲಕ್ಕ,” ಎಂದು ಪಕ್ಕದ ಕೋಣೆಯಿಂದ ಉತ್ತರ ಬಂತು. ಅದು ಅಲ್ಲಿನ ಯಂತ್ರ ನಡೆಸುವವಳು, ಎಲ್ಲರೂ ಕರೆಯುವುದು ಅಕ್ಷರದ ಹುಡುಗಿ ಎಂದು. ಬಾಯಿ ಸ್ವಲ್ಪ ಜೋರು, ಮನಸ್ಸು ಒಳ್ಳೆಯದು.

ನಾರ್ಮಲಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಇರಲಿಲ್ಲವೆಂದಲ್ಲ. ಹಾಜರಿ ಹಾಕುವಾಗ ಬಿಟ್ಟರೆ ಅದು ಯಾರಿಗೂ ಬೇಕಾಗಿರಲಿಲ್ಲ. ಕೆಳಗೆ ಟೈಲ್ಸ್ ಅಂಗಡಿ, ಮೇಲೆ ಇವರ ಲ್ಯಾಬು. ಕೆಳಗೆ ಕತ್ತರಿಸುವ ಯಂತ್ರ ಕೂಗಿದಾಗಲೆಲ್ಲ ಮೇಲಿನ ಗಾಜುಗಳು ಸಣ್ಣಗೆ ನಡುಗುತ್ತಿದ್ದವು, ನಾರ್ಮಲಕ್ಕ ಆ ಅಂಗಡಿಯವನ ವಂಶವನ್ನೆಲ್ಲ ನೆನೆಯುತ್ತಿದ್ದಳು. ಅವಳ ಕೆಲಸ ಕ್ರೋಮೋಸೋಮುಗಳನ್ನು ಜೋಡಿಸುವುದು. ಬಂದ ರಕ್ತವನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಬೆಳೆಸಬೇಕು. ಜೀವಕೋಶ ಎರಡಾಗಲು ಹೊರಟ ಗಳಿಗೆಯಲ್ಲಿ ಔಷಧ ಹಾಕಿ ಅದನ್ನು ನಿಲ್ಲಿಸಬೇಕು. ಆಮೇಲೆ ಒಂದು ಹನಿಯನ್ನು ಎತ್ತರದಿಂದ ಗಾಜಿನ ಮೇಲೆ ಬೀಳಿಸಬೇಕು. ಹನಿ ಹದವಾಗಿ ಬಿದ್ದರೆ ಕೋಶ ಒಡೆದು, ಒಳಗಿನ ನಲವತ್ತಾರೂ ಕ್ರೋಮೋಸೋಮುಗಳು ನೆಲದ ಮೇಲೆ ಚೆಲ್ಲಿದ ದಾರದ ತುಂಡುಗಳ ಹಾಗೆ ಹರಡಿಕೊಳ್ಳುತ್ತವೆ. ಬಣ್ಣ ಹಾಕಿದರೆ ಒಂದೊಂದರ ಮೇಲೂ ಕಪ್ಪು ಬಿಳುಪು ಪಟ್ಟೆ. ಪಟ್ಟೆ ನೋಡಿ ಜೋಡಿಗೆ ಜೋಡಿ ಸೇರಿಸುವುದು, ಯಾವುದಾದರೂ ಒಂದು ಹೆಚ್ಚಿದೆಯೇ, ಒಂದರ ತುದಿ ಮುರಿದು ಇನ್ನೊಂದಕ್ಕೆ ಅಂಟಿದೆಯೇ ಎಂದು ಹುಡುಕುವುದು. ಆ ಕೈಚಳಕದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ.

ರೋಗಿಗಳ ರಕ್ತದ ಜೊತೆಗೆ ಪ್ರತಿ ಸಲವೂ ದೋಷವಿಲ್ಲದ ಒಬ್ಬರ ರಕ್ತವನ್ನೂ ಸೇರಿಸಬೇಕು. ಬಣ್ಣ ಸರಿಯಾಗಿ ಹಿಡಿದಿದೆಯೇ, ಔಷಧ ಕೆಟ್ಟಿದೆಯೇ ಎಂದು ಗೊತ್ತಾಗುವುದು ಅದರಿಂದಲೇ. ಅದಕ್ಕೆ ನಾರ್ಮಲ್ ಎನ್ನುತ್ತಾರೆ. ಲ್ಯಾಬು ಶುರುವಾದ ಹೊಸದರಲ್ಲಿ ಡಾಕ್ಟರಮ್ಮ “ನಮ್ಮಲ್ಲೇ ಯಾರದ್ದಾದರೂ ತಗೊಳ್ಳಿ” ಅಂದಾಗ ಇವಳು ತೋಳು ಚಾಚಿದ್ದಳು. ಬಂದ ಕ್ರೋಮೋಸೋಮುಗಳು ಎಷ್ಟು ಲಕ್ಷಣವಾಗಿದ್ದವೆಂದರೆ, ಡಾಕ್ಟರಮ್ಮ ಅವುಗಳ ಫೋಟೋ ತೆಗೆಸಿ, ಕಟ್ಟು ಹಾಕಿಸಿ, ರೋಗಿಗಳು ಕೂರುವ ಬೆಂಚಿನ ಎದುರಿನ ಗೋಡೆಗೆ ತೂಗುಹಾಕಿಸಿದರು. ಕೆಳಗೆ ದಪ್ಪ ಅಕ್ಷರದಲ್ಲಿ ‘ನಾರ್ಮಲ್’. ಅಂದಿನಿಂದ ಅವಳು ನಾರ್ಮಲಕ್ಕ. ಮುಖದ ಫೋಟೋ ಗೋಡೆಗೆ ಹಾಕಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ, ಒಳಗಿನದನ್ನು ಹಾಕಿಸಿಕೊಂಡವಳು ತಾನೊಬ್ಬಳೇ ಎಂದು ಹೇಳಿಕೊಂಡು ನಗುತ್ತಿದ್ದಳು. ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಬೇಕು.

ಆಮೇಲೆ ಅಕ್ಷರದ ಯಂತ್ರ ಬಂತು. ಒಂದೊಂದು ಕ್ರೋಮೋಸೋಮಿನೊಳಗೂ ಸುತ್ತಿಟ್ಟ ಉದ್ದನೆಯ ದಾರವಿದೆ, ಅದರ ಉದ್ದಕ್ಕೂ ನಾಲ್ಕೇ ನಾಲ್ಕು ರಾಸಾಯನಿಕ ಅಕ್ಷರಗಳ ಸಾಲು. ಸೂಕ್ಷ್ಮದರ್ಶಕಕ್ಕೆ ಪಟ್ಟೆ ಕಾಣುತ್ತದೆಯೇ ಹೊರತು ಅಕ್ಷರ ಕಾಣುವುದಿಲ್ಲ. ಯಂತ್ರ ಅದನ್ನು ಓದುತ್ತದೆ. ಅದನ್ನು ನಡೆಸಲು ಬಂದ ಹುಡುಗಿಗೆ ಅದೇ ಹೆಸರು ಅಂಟಿಕೊಂಡಿತು. ಆ ಯಂತ್ರಕ್ಕೂ ಒಂದು ನಾರ್ಮಲ್ ರಕ್ತ ಬೇಕಾಯಿತು. ಹುಡುಕಿಕೊಂಡು ಹೋಗುವ ಪ್ರಮೇಯವೇ ಬರಲಿಲ್ಲ. ನಾರ್ಮಲಕ್ಕ ಇದ್ದಳಲ್ಲ.

ಬೆಳಗಿನ ಗಲಾಟೆ ತಗ್ಗಿದ ಮೇಲೆ ಬಸ್ ಡ್ರೈವರ್ ಬಂದ.

“ನೆನಪಿದೆಯಾ ಮೇಡಂ? ಹೋದ ವರ್ಷ ಬಂದಿದ್ದೆ. ಬಿಸಿ ಇಂಜಿನ್ ಮೇಲೆ ಕಾಲಿಟ್ಟುಕೊಂಡು, ಗೊತ್ತೇ ಆಗದೆ ಸುಟ್ಟುಕೊಂಡಿದ್ದೆನಲ್ಲ.”

ನೆನಪಿತ್ತು. ಆದರೆ ಆಗ ಬಂದವನು ಕುರ್ಚಿ ತುಂಬ ಕೂರುವ ಆಳು. ಈಗ ಅಂಗಿ ಭುಜದಿಂದ ಜೋತುಬಿದ್ದಿತ್ತು, ಕೆನ್ನೆ ಒಳಗೆ ಹೋಗಿತ್ತು. ಅವನ ತೋಳಿಗೆ ರಬ್ಬರ್ ಬಿಗಿದು ನಾರ್ಮಲಕ್ಕ ರಕ್ತನಾಳಕ್ಕಾಗಿ ತಡಕಿದಳು. ಮೊದಲ ಸಲಕ್ಕೆ ಬೆರಳ ತುದಿಗೆ ಸಿಗಲಿಲ್ಲ. ಈಚೆಗೆ ಹೀಗೇ ಆಗುತ್ತಿತ್ತು. ದರಿದ್ರ ಗ್ಲೌಸು ದಪ್ಪವಾಯಿತು ಅಂದುಕೊಂಡಳು. ಮತ್ತೆ ತಡಕುವಷ್ಟರಲ್ಲಿ ಡ್ರೈವರ್ ಇನ್ನೊಂದು ಕೈಯನ್ನು ಎತ್ತಿದ. ಅಂಗೈ ಹೊರಕ್ಕೆ ಮಾಡಿ, ಬಾಗಿಲಿನ ಪರದೆ ಸರಿಸುವ ಹಾಗೆ, ಮುಖದ ಮುಂದಿನ ಬರಿಯ ಗಾಳಿಯನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿದ.

ನಾರ್ಮಲಕ್ಕನ ಕೈ ನಿಂತುಬಿಟ್ಟಿತು.

ಈ ಕೈ ಅವಳಿಗೆ ಗೊತ್ತಿತ್ತು. ಅವಳ ಸೋದರತ್ತೆ, ಅಪ್ಪನ ಅಕ್ಕ, ಕೊನೆಗಾಲದಲ್ಲಿ ಹಾಡುಹಗಲೇ ಕಿಟಕಿಯ ಪಕ್ಕ ಕೂತು ಹೀಗೇ ಮಾಡುತ್ತಿದ್ದಳು. ಒಮ್ಮೊಮ್ಮೆ ಪೊರಕೆ ಹಿಡಿದು ನಡುಮನೆಯ ಗಾಳಿಯನ್ನೇ ಗುಡಿಸುತ್ತಿದ್ದಳು. “ಬಲೆ ಕಟ್ಟಿದೆ, ನಿಮ್ಮ ಯಾರಿಗೂ ಕಾಣಲ್ವಾ?” ಎನ್ನುತ್ತಿದ್ದಳು. ದೊಡ್ಡವರು ಅತ್ತೆಗೆ ತಲೆ ಕೆಟ್ಟಿತು ಅಂದರು. ಮಕ್ಕಳು ಅತ್ತೆಯ ಹಾಗೆ ಕೈಯಾಡಿಸಿ ಬಿದ್ದು ಬಿದ್ದು ನಕ್ಕವು. ಎಲ್ಲರಿಗಿಂತ ಚೆನ್ನಾಗಿ ಅಣಕಿಸುತ್ತಿದ್ದವಳು ಇವಳೇ.

“ಏನದು, ಏನು ಸರಿಸಿದ್ರಿ?” ಎಂದು ಕೇಳಿದಳು.

“ಏನಿಲ್ಲ ಮೇಡಂ. ಒಂದು ಎಳೆ ಬರುತ್ತೆ. ರಸ್ತೆಗೆ ಅಡ್ಡ ಯಾರೋ ದಾರ ಕಟ್ಟಿದ ಹಾಗೆ. ಮೊನ್ನೆ ತುಂಬಿದ ಬಸ್ಸು, ಗಕ್ಕನೆ ಬ್ರೇಕ್ ಹಾಕಿಬಿಟ್ಟೆ. ಜನ ಬಾಯಿಗೆ ಬಂದ ಹಾಗೆ ಬೈದರು. ಈಗ ನನಗೆ ಸ್ಟೀರಿಂಗ್ ಕೊಡ್ತಿಲ್ಲ, ಡಿಪೋದಲ್ಲಿ ಸುಮ್ಮನೆ ಕೂರಿಸಿದ್ದಾರೆ.”

“ಕಾಲು ಹೇಗಿದೆ?”

“ಇದೆಯೋ ಇಲ್ವೋ ಅಂತ ಬಗ್ಗಿ ನೋಡೇ ಹೇಳ್ಬೇಕು,” ಎಂದು ನಕ್ಕ. “ನಮ್ಮಮ್ಮ ಅಂತಾಳೆ, ನಿನಗೂ ಕಾಲು ತಂಪಾಯ್ತು ಕಣೋ, ನಿಮ್ಮ ತಾತನ ಹಾಗೆ ಅಂತ. ನಮ್ಮ ಮನೇಲಿ ಅದು ಗಟ್ಟಿ ಆಳಿನ ಗುರುತಂತೆ.”

ನಾರ್ಮಲಕ್ಕ ತಲೆಯೆತ್ತಿ ಅವನ ಮುಖ ನೋಡಿದಳು. ಕಾಲು ತಂಪಾಗುವುದು ಅವಳ ತೌರಿನ ಮಾತು. ಆ ಮನೆಯ ಹೊರಗೆ ಯಾರ ಬಾಯಲ್ಲೂ ಅದನ್ನು ಅವಳು ಕೇಳಿರಲಿಲ್ಲ. ಅಪ್ಪ ಪಂದ್ಯ ಕಟ್ಟಿ ಸುಡುವ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದು ತೋರಿಸುತ್ತಿದ್ದ. ನಮ್ಮ ಮನೆಯವರ ಕಾಲು ತಂಪು, ಬೆಂಕಿಯೂ ನಮಗೆ ಸೋಲಬೇಕು ಎಂದು ಮೀಸೆ ತಿರುವುತ್ತಿದ್ದ. ಆಮೇಲೆ ಸೊರಗಿ ಸೊರಗಿ, ಎದೆ ಹಿಡಿದುಕೊಂಡು ಒಂದು ದಿನ ಹೋದ. ಹೋಗುವಾಗ ಅವನಿಗೆ ದೊಡ್ಡ ವಯಸ್ಸೇನೂ ಆಗಿರಲಿಲ್ಲ.

“ನಿಮ್ಮ ತಾತ ಎಲ್ಲಿಯವರು?”

“ಎಲ್ಲಿಂದಲೋ ಬಂದು ಸೇರಿಕೊಂಡವರಂತೆ ಮೇಡಂ. ಅದಕ್ಕಿಂತ ಹಿಂದಿನದು ಯಾರಿಗೂ ಗೊತ್ತಿಲ್ಲ.” ಸೂಜಿ ಚುಚ್ಚಿದ್ದನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ರಕ್ತ ಕೊಳವೆಗೆ ಇಳಿಯುವುದನ್ನು ನೋಡುತ್ತ, “ಹೋದ ಸಲ ಏನೂ ಇಲ್ಲ ಅಂದ್ರಿ. ಈ ಸಲವಾದ್ರೂ ಏನಾದ್ರೂ ಇದೆ ಅನ್ನಿ. ಮನೇಲಿ ನಾಟಕ ಆಡ್ತಾನೆ ಅಂತಿದ್ದಾರೆ,” ಅಂದ.

ಅವನು ಹೋದ ಮೇಲೆ ನಾರ್ಮಲಕ್ಕ ಅಕ್ಷರದ ಹುಡುಗಿಯ ಬಾಗಿಲಲ್ಲಿ ನಿಂತಳು.

“ಹೋದ ವರ್ಷ ಆ ಡ್ರೈವರ್ ರಕ್ತದಲ್ಲಿ ನಿನಗೆ ಏನೂ ಸಿಕ್ಕಿರಲಿಲ್ವಾ?”

“ಸಿಕ್ಕಿತ್ತಲ್ಲ. ಒಂದು ಅಕ್ಷರ ಬೇರೆ ಇತ್ತು. ಯಾವ ಪುಸ್ತಕದಲ್ಲೂ ಇಲ್ಲದ ಬದಲಾವಣೆ. ಡಾಕ್ಟರಮ್ಮ, ನಾನು ಇಬ್ಬರೂ ತಲೆ ಕೆರೆದುಕೊಂಡಿದ್ದೇ ಬಂತು. ಕೊನೆಗೆ ನೋಡಿದ್ರೆ ನಿಮ್ಮ ರಕ್ತದಲ್ಲೂ ಅದೇ ಜಾಗದಲ್ಲಿ ಅದೇ ಅಕ್ಷರ. ನಾರ್ಮಲಲ್ಲೂ ಇದೆ ಅಂದ್ಮೇಲೆ ಅದರಿಂದೇನೂ ತೊಂದರೆ ಇಲ್ಲ ಅಂತ ಬಿಟ್ವಿ.” ಹುಡುಗಿ ಪರದೆಯಿಂದ ಕಣ್ಣು ತೆಗೆದು ಇವಳ ಕಡೆ ನೋಡಿದಳು. “ಯಾಕಕ್ಕ, ಮುಖ ಬಿಳಚಿಕೊಂಡಿದೆ?”

“ಏನಿಲ್ಲ. ತಿಂಡಿ ತಿಂದಿಲ್ಲ.”

ಅಕ್ಷರ ಬದಲಾದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಅಕ್ಷರಗಳ ಪ್ರಕಾರವೇ ಮೈಯಲ್ಲಿ ಪ್ರೋಟೀನು ತಯಾರಾಗುವುದು. ಮೊದಲು ಮಣಿ ಪೋಣಿಸಿದಂಥ ಒಂದು ಸರ. ಅದು ತಾನೇ ತಾನಾಗಿ ಮಡಚಿಕೊಂಡು ಸರಿಯಾದ ಆಕಾರಕ್ಕೆ ಬಂದರೇ ಕೆಲಸಕ್ಕೆ ಬರುವುದು. ಎಷ್ಟೋ ಸಲ ಒಂದು ಅಕ್ಷರ ಅತ್ತಿತ್ತ ಆದರೂ ಏನೂ ಆಗುವುದಿಲ್ಲ. ಕೆಲವು ಸಲ ಅಂಗಿಯ ಮೇಲಿನ ಗುಂಡಿ ತಪ್ಪಿ ಹಾಕಿಕೊಂಡ ಹಾಗೆ ಕೆಳಗಿನದೆಲ್ಲ ಸೊಟ್ಟಗಾಗುತ್ತದೆ. ಡ್ರೈವರನಲ್ಲಿ ಹುಡುಕಿದ್ದು ಲಿವರ್ ತಯಾರಿಸಿ ರಕ್ತಕ್ಕೆ ಬಿಡುವ ಒಂದು ಪ್ರೋಟೀನಿನ ತಪ್ಪನ್ನು. ಅದು ಸೊಟ್ಟಗೆ ಮಡಚಿಕೊಂಡರೆ ಒಂದಕ್ಕೊಂದು ಅಂಟಿ, ಎಳೆ ಎಳೆಯಾಗಿ, ಕರಗದೆ ಅಲ್ಲಲ್ಲಿ ಕೂತುಬಿಡುತ್ತದೆ. ಮೊದಲು ಕಾಲಿನ ನರಗಳಲ್ಲಿ, ಆಮೇಲೆ ಹೃದಯದಲ್ಲಿ. ಕೆಲವರಿಗೆ ಕಣ್ಣಗುಡ್ಡೆಯೊಳಗಿನ ತಿಳಿ ಲೋಳೆಯಲ್ಲಿ, ಜೇಡರಬಲೆಯ ಹಾಗೆ.

ಅವಳು ಬೆಂಚಿನ ಕಡೆ ಬಂದು ತನ್ನ ಫೋಟೋದ ಮುಂದೆ ನಿಂತಳು. ಆ ಅಕ್ಷರ ಇರುವುದು ಹದಿನೆಂಟನೆಯ ಜೋಡಿಯಲ್ಲಿ. ಚಿಕ್ಕ, ಮುದ್ದಾದ ಜೋಡಿ. ಎಷ್ಟು ವರ್ಷದಿಂದ ಅದು ಈ ಗೋಡೆಯ ಮೇಲೆ ಬಂದವರನ್ನೆಲ್ಲ ನೋಡುತ್ತ ಕೂತಿತ್ತು. ತಮಗೂ ಹೀಗೇ ಇರಲಪ್ಪ ಎಂದು ಎಷ್ಟು ಜನ ಅದನ್ನು ನೋಡಿ ಆಸೆಪಟ್ಟಿರಬೇಕು. ಕಟ್ಟಿನ ಗಾಜಿನಲ್ಲಿ ಅವಳ ಮುಖವೂ ಮಸುಕಾಗಿ ಕಾಣುತ್ತಿತ್ತು, ಎಳೆಯೊಂದು ಆ ಮುಖದ ಅಡ್ಡಕ್ಕೆ ಹಾದು ಹೋಯಿತು. ಅವಳಿಗೆ ಹೆದರಿಕೆಯಾಯಿತು. ತನ್ನ ಫೋಟೋಗೆ ತಾನೇ ಹೆದರುವ ದಿನವೂ ಬರುತ್ತದೆಂದು ಅವಳು ಅಂದುಕೊಂಡಿರಲಿಲ್ಲ.

ಆದರೂ ಯಾರಿಗೂ ಏನೂ ಹೇಳದೆ ಸಂಜೆ ಮನೆಗೆ ಹೋದಳು.

ಅವಳ ಗಂಡ ದರ್ಜಿ. ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಮುಗಿದ ಬಟ್ಟೆಗಳ ದಾರದ ತುದಿ ಕತ್ತರಿಸಿಕೊಡುವುದು ಇವಳ ಸಂಜೆಯ ಕೆಲಸ. ಚಾಪೆಯ ಮೇಲೆ ಕಾಲು ಚಾಚಿ ಕೂತಳು. ಹೊಲಿಗೆ ಯಂತ್ರದ ಸದ್ದು ಸ್ವಲ್ಪ ಹೊತ್ತು ನಡೆದು ನಿಂತಿತು.

“ಏನೋ ಸುಟ್ಟ ವಾಸನೆ ಕಣೇ,” ಅಂದ ಗಂಡ. “ಯಾರ ಬಟ್ಟೆ ಹೋಯ್ತೋ, ನನ್ನ ಗ್ರಹಚಾರ.”

ಒಂದೊಂದೇ ಬಟ್ಟೆ ಎತ್ತಿ ಕೊಡವಿ ನೋಡಿದ. ಎಲ್ಲ ಸರಿಯಿತ್ತು. ಆಮೇಲೆ ಅವನ ಕಣ್ಣು ಕೆಳಗಿಳಿಯಿತು, ಕೈಯಲ್ಲಿದ್ದ ಅಂಗಿ ಜಾರಿ ಬಿತ್ತು. ಕಾದ ಇಸ್ತ್ರಿಪೆಟ್ಟಿಗೆಗೆ ಹೆಂಡತಿಯ ಹಿಮ್ಮಡಿ ಒರಗಿಕೊಂಡಿತ್ತು. ಅವಳು ಬಾಯಲ್ಲಿ ದಾರ ಕಚ್ಚಿಕೊಂಡು ಕತ್ತರಿ ಆಡಿಸುತ್ತಲೇ ಇದ್ದಳು.

ಅವನೇ ಓಡಿಬಂದು ಕಾಲು ಎಳೆದ. ಅವಳು ಆ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿದಳು.

“ನೋವಾಗ್ಲಿಲ್ವೇನೇ?”

“ಇಲ್ಲ.”

“ಇಲ್ಲ ಅಂದ್ರೆ?”

“ನಮ್ಮ ಮನೆಯವರದ್ದು ತಂಪು ಕಾಲು ಅಂತ ಮದುವೆಗೆ ಮುಂಚೇನೇ ಹೇಳಿದ್ರಲ್ಲ,” ಅಂದಳು. ನಗಿಸಲು ನೋಡಿದಳು, ಗಂಡ ನಗಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿತ್ತು.

ಕೆಲಸದಿಂದ ಬಂದ ಮಗಳು ಅಮ್ಮನ ಕಾಲಿಗೆ ಮುಲಾಮು ಹಚ್ಚುತ್ತ ಕೂತಳು. ಒಬ್ಬಳೇ ಮಗಳು, ಕನ್ನಡಕದ ಅಂಗಡಿಯಲ್ಲಿ ಕೆಲಸ. ಕಣ್ಣೆದುರು ಏನೋ ತೇಲುತ್ತೆ ಎಂದು ಹೋದ ವಾರ ಹೇಳಿದಾಗ ಅಮ್ಮನ ಕಣ್ಣು ಪರೀಕ್ಷೆ ಮಾಡಿ, ನಂಬರೇನೂ ಬದಲಾಗಿಲ್ಲ, ಕಣ್ಣಿನ ಡಾಕ್ಟರ ಹತ್ತಿರ ಹೋಗು ಎಂದು ಹೇಳಿದ್ದವಳೂ ಅವಳೇ. ಅಮ್ಮ ಅದನ್ನು ಕಿವಿಗೆ ಹಾಕಿಕೊಳ್ಳದೆ ಸೂಕ್ಷ್ಮದರ್ಶಕದ ಗಾಜನ್ನೇ ದೂರುತ್ತಿದ್ದಳು.

“ಅಮ್ಮ, ಏನು ಸರಿಸ್ತಿದ್ದೀಯ?”

“ಎಲ್ಲಿ?”

“ಈಗ ಕೈ ಎತ್ತಿ ಹೀಗೆ ಮಾಡಿದೆಯಲ್ಲ.” ಮಗಳು ಅಂಗೈ ಹೊರಕ್ಕೆ ಮಾಡಿ, ಗಾಳಿಯನ್ನು ಪಕ್ಕಕ್ಕೆ ಸರಿಸಿ ತೋರಿಸಿದಳು. ಆ ಕೈ ತದ್ರೂಪ ಅತ್ತೆಯದಾಗಿತ್ತು. ನಾರ್ಮಲಕ್ಕ ಮಗಳ ಕೈಯನ್ನು ಹಿಡಿದು ಕೆಳಗಿಳಿಸಿ, “ಹಾಗೆ ಮಾಡಬೇಡ,” ಅಂದಳು. ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಮಗಳಿಗೆ ನೋವಾಯಿತು.

ತನಗಿದ್ದರೆ ಮಗಳಿಗೂ ಬಂದಿರಬಹುದು, ಬರದೆಯೂ ಇರಬಹುದು. ಎರಡರಲ್ಲಿ ಒಂದು. ಆ ರಾತ್ರಿಯೆಲ್ಲ ಅವಳ ತಲೆಯಲ್ಲಿ ಬೇರೇನೂ ಇರಲಿಲ್ಲ, ಬೆಳಗಾಗುವಷ್ಟರಲ್ಲಿ ಒಂದು ಉಪಾಯ ಹೊಳೆದಿತ್ತು. ಡ್ರೈವರನ ರಕ್ತ ಇವತ್ತು ಯಂತ್ರಕ್ಕೆ ಹೋಗುತ್ತದೆ. ಪಕ್ಕದಲ್ಲಿ ನಾರ್ಮಲ್ ಎಂದು ತನ್ನ ರಕ್ತದ ಬದಲು ಮಗಳದನ್ನು ಇಟ್ಟರಾಯಿತು. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮಗಳದು ಸರಿಯಿದ್ದರೆ ಡ್ರೈವರನ ತಪ್ಪು ಎದ್ದು ಕಾಣುತ್ತದೆ, ಅವನಿಗೆ ಔಷಧ ಸಿಗುತ್ತದೆ. ಮಗಳು ಪಾರಾದಳೆಂದು ತನಗೂ ತಿಳಿಯುತ್ತದೆ. ತನ್ನದನ್ನು ತಾನು ನುಂಗಿಕೊಂಡು ಇದ್ದುಬಿಟ್ಟರಾಯಿತು.

“ಮುಖ ಬಾಡಿದೆ ನಿಂದು. ರಕ್ತ ಕಮ್ಮಿ ಇದೆಯೇನೋ ನೋಡ್ತೀನಿ,” ಎಂದು ಬೆಳಗ್ಗೆ ಮಗಳ ಮುಂದೆ ಕೂತಳು.

ಮಗಳು ಒಂದು ಕೈಯಲ್ಲಿ ಕಾಫಿ ಹಿಡಿದುಕೊಂಡೇ ಇನ್ನೊಂದು ತೋಳನ್ನು ಚಾಚಿದಳು. “ಜಾಸ್ತಿ ಎಳ್ಕೋಬೇಡಮ್ಮ, ನನಗೂ ಸ್ವಲ್ಪ ಇರಲಿ.”

ಲ್ಯಾಬಿನಲ್ಲಿ ತನ್ನ ಮೇಜಿನ ಮುಂದೆ ಎರಡು ಕೊಳವೆ ಇಟ್ಟುಕೊಂಡು ಕೂತಳು, ಒಂದು ತನ್ನದು, ಒಂದು ಮಗಳದು. ನೋಡುವುದಕ್ಕೆ ಎರಡೂ ಒಂದೇ ಕೆಂಪು. ‘ನಾರ್ಮಲ್’ ಎಂಬ ಚೀಟಿಯನ್ನು ಮಗಳ ಕೊಳವೆಗೆ ಅಂಟಿಸಿದಳು. ಚೀಟಿಯ ಅಂಚು ಬೆರಳಿಗೆ ಹತ್ತಲಿಲ್ಲ. ಅಂಟಿದೆಯೋ ಇಲ್ಲವೋ ಎಂದು ಕಣ್ಣಿನ ಹತ್ತಿರ ಹಿಡಿದು ನೋಡಬೇಕಾಯಿತು. ಗ್ಲೌಸು ಹಾಕಿರಲಿಲ್ಲ.

ಅಷ್ಟರಲ್ಲಿ ಹೊರಗೆ ಕೆಮ್ಮಿದ ಸದ್ದಾಯಿತು. ಡ್ರೈವರ್ ಬೆಂಚಿನ ಮೇಲೆ ಕೂತಿದ್ದ. ಫಲಿತಾಂಶಕ್ಕೆ ಇನ್ನೂ ಸಮಯವಿದೆ ಎಂದು ಹೇಳಿದ್ದರೂ ಬಂದಿದ್ದ.

“ಡಿಪೋದಲ್ಲಿ ಕೂತ್ರೂ ಅಷ್ಟೇ, ಇಲ್ಲಿ ಕೂತ್ರೂ ಅಷ್ಟೇ ಅಂತ ಬಂದೆ,” ಅಂದ. ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದ. “ನಾರ್ಮಲ್ ಅಂದ್ರೆ ಹೀಗಿರುತ್ತಾ ಮೇಡಂ? ಎಷ್ಟು ನೀಟಾಗಿದೆ. ಇದು ಯಾರದ್ದೋ, ಪುಣ್ಯವಂತರು.”

ನಾರ್ಮಲಕ್ಕ ಅವನ ಪಕ್ಕದಲ್ಲಿ ನಿಂತು ಫೋಟೋ ನೋಡಿದಳು. ಎಳೆ ಬಂತು. ಎಲ್ಲಿಂದಲೋ ತೇಲಿಕೊಂಡು ಬಂದು ನಲವತ್ತಾರರ ಮೇಲೂ ಹರಡಿಕೊಂಡು ನಿಂತಿತು. ಕಟ್ಟಿನ ಗಾಜಿನಲ್ಲಿ ಡ್ರೈವರನ ಕೈ ಮೇಲೆದ್ದದ್ದು ಕಂಡಿತು. ಅದರ ಪಕ್ಕದಲ್ಲಿ ಇನ್ನೊಂದು ಕೈಯೂ ಮೇಲೆದ್ದಿತು. ಅದು ತನ್ನದು ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಎರಡು ಅಂಗೈಗಳೂ ಒಂದೇ ನಿಧಾನದಲ್ಲಿ, ಒಂದೇ ಕಡೆಗೆ, ಇಲ್ಲದ ಪರದೆಯನ್ನು ಸರಿಸಿದವು.

ಕೆಳಗೆ ಯಂತ್ರ ಕೂಗಿತು, ಗಾಜು ನಡುಗಿತು, ಅದರೊಳಗಿನ ಎರಡು ಕೈಗಳೂ ನಡುಗಿದವು.

ಡ್ರೈವರ್ ಗಾಜನ್ನು ಬಿಟ್ಟು ಅವಳ ಮುಖಕ್ಕೆ ತಿರುಗಿದ. ಬಹಳ ಮೆತ್ತಗೆ, ಅಪ್ಪ ಅಮ್ಮನಿಗೆ ಕೇಳಿಸಬಾರದೆಂದು ಮಕ್ಕಳು ಪಿಸುಗುಡುವ ಹಾಗೆ ಕೇಳಿದ: “ನಿಮಗೂ ಇದೆಯಾ ಮೇಡಂ?”

ಇಲ್ಲ ಅಂದುಬಿಡುವುದು ಸುಲಭವಿತ್ತು. ಆದರೆ ಒಳಗೆ ಮೇಜಿನ ಮೇಲಿದ್ದ ಕೊಳವೆಯ ವಿಚಾರ ಅವಳಿಗೆ ಈಗ ಪೂರ್ತಿಯಾಗಿ ಅರ್ಥವಾಯಿತು. ಮಗಳದು ಸರಿಯಿದ್ದರೆ ಏನೆಂದು ಮಾತ್ರ ಲೆಕ್ಕ ಹಾಕಿದ್ದಳು. ಸರಿಯಿಲ್ಲದಿದ್ದರೆ? ಮತ್ತೆ ನಾರ್ಮಲಿನಲ್ಲೂ ಅದೇ ಅಕ್ಷರ, ಮತ್ತೆ ಏನೂ ತೊಂದರೆಯಿಲ್ಲ ಎಂಬ ಮಾತು, ಮತ್ತೆ ಈ ಮನುಷ್ಯ ಬರಿಗೈಯಲ್ಲಿ ಮನೆಗೆ. ಮಗಳಿಗೆ ಇದ್ದುಬಿಟ್ಟರೆ ಇವನಿಗೆ ರೋಗವೇ ಇಲ್ಲವೆಂದಾಗುತ್ತದೆ. ಎರಡರಲ್ಲಿ ಒಂದು ಎಂದು ತಾನು ಪಂದ್ಯ ಕಟ್ಟಿದ್ದು ಇವನ ಪ್ರಾಣವನ್ನು. ಡಾಂಬರಿನ ಮೇಲೆ ನಡೆದ ಅಪ್ಪ ಕೊನೆಪಕ್ಷ ತನ್ನ ಕಾಲನ್ನಷ್ಟೇ ಪಣಕ್ಕಿಟ್ಟಿದ್ದ.

“ಇದೆ,” ಅಂದಳು. “ನನಗೂ ಇದೆ. ಆ ಫೋಟೋ ನಂದೇ.”

ಒಳಗೆ ಹೋಗಿ ಮಗಳ ಕೊಳವೆಯ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು. ಎರಡನ್ನೂ ಹಿಡಿದುಕೊಂಡು ಡಾಕ್ಟರಮ್ಮನ ಕೋಣೆಗೆ ಹೋದಳು. ಡಾಕ್ಟರಮ್ಮ ಅರವತ್ತು ದಾಟಿದವರು, ಮಾತು ಕಡಿಮೆ, ಕೆಲಸದ ನಡುವೆ ಯಾರಾದರೂ ಬಂದರೆ ಕನ್ನಡಕದ ಮೇಲಿನಿಂದ ನೋಡುವವರು.

“ಮೇಡಂ, ಇದು ನನ್ನ ರಕ್ತ. ಇದು ನಾರ್ಮಲ್ ಅಲ್ಲ.”

ನಿಂತುಕೊಂಡೇ ಎಲ್ಲ ಹೇಳಿದಳು, ಕಾಲು, ಇಸ್ತ್ರಿಪೆಟ್ಟಿಗೆ, ಅಪ್ಪ, ಅತ್ತೆಯ ಪೊರಕೆ, ಕಣ್ಣೆದುರಿನ ಎಳೆ. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕ್ರೋಮೋಸೋಮ್ ಚೆನ್ನಾಗಿದೆ ಅಂತ ಅಕ್ಷರಾನೂ ಚೆನ್ನಾಗೇ ಇರುತ್ತೆ ಅಂದ್ಕೊಂಡ್ವಿ,” ಅಂದರು. “ಯಂತ್ರ ಬಂದಾಗ ನಿಮ್ಮದನ್ನೇ ಹಾಕಿ ಅಂದವಳು ನಾನು.”

“ತೋಳು ಕೊಟ್ಟವಳು ನಾನು ಮೇಡಂ. ಖುಷಿಯಿಂದಲೇ ಕೊಟ್ಟೆ.”

“ಆ ಡ್ರೈವರನ್ನ ಇವತ್ತೇ ನರದ ಡಾಕ್ಟರ ಹತ್ತಿರ ಕಳಿಸೋಣ. ನಾನೇ ಮಾತಾಡ್ತೀನಿ. ಆ ಪ್ರೋಟೀನ್ ಸೊಟ್ಟಗಾಗದ ಹಾಗೆ ತಡೆಯೋ ಔಷಧ ಇದೆ. ಹೋಗಿದ್ದು ವಾಪಸ್ ಬರಲ್ಲ, ಇರೋದು ಉಳಿಯುತ್ತೆ. ನೀವೂ ಅವನ ಜೊತೆಗೇ ಹೋಗಿ.” ಆಮೇಲೆ ದನಿ ಇಳಿಸಿ, “ನಿಮ್ಮ ರಕ್ತ ನೋಡಿ ಇನ್ನೂ ಯಾರ್ಯಾರನ್ನ ಏನೂ ಇಲ್ಲ ಅಂತ ವಾಪಸ್ ಕಳಿಸಿದ್ವೋ, ಎಲ್ಲಾ ಮತ್ತೆ ನೋಡ್ಬೇಕು,” ಅಂದರು. ಅವರ ಬೆರಳು ಇನ್ನೊಂದು ಕೊಳವೆಯ ಮೇಲೆ ನಿಂತಿತು. “ಇದು?”

“ಮಗಳದು. ಕೇಳದೆ ತಗೊಂಡೆ.”

“ಕೇಳಿ ಬನ್ನಿ. ಅಲ್ಲೀತನಕ ಫ್ರಿಜ್ಜಲ್ಲಿ ಇರಲಿ. ಅವಳು ಬೇಡ ಅಂದ್ರೆ ಚೆಲ್ಲಿಬಿಡೋಣ.”

ಹೊರಗಿನಿಂದ ತರಿಸಿದ ನಾರ್ಮಲಿನ ಪಕ್ಕದಲ್ಲಿ ಓದಿಸಿದಾಗ ಡ್ರೈವರನ ಅಕ್ಷರವೂ ಅವಳ ಅಕ್ಷರವೂ ಒಂದೇ ಜಾಗದಲ್ಲಿ ಎದ್ದು ಕಂಡವು. ಅಕ್ಷರದ ಹುಡುಗಿ ಅವತ್ತು ಒಂದೂ ತಮಾಷೆ ಮಾಡದೆ, ಬಂದು ನಾರ್ಮಲಕ್ಕನ ಹೆಗಲಿಗೆ ಹಣೆ ಹಚ್ಚಿ ನಿಂತಳು. ನರದ ಡಾಕ್ಟರು ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಕಾಲಿಗೆ ಸೂಜಿಯ ತುದಿ ತಾಗಿಸಿ, ಗೊತ್ತಾಯ್ತಾ ಗೊತ್ತಾಯ್ತಾ ಎಂದು ಕೇಳಿದರು. ಇಲ್ಲ, ಇಲ್ಲ ಎಂದು ಇಬ್ಬರೂ ಒಟ್ಟಿಗೆ ಹೇಳುವುದನ್ನು ಕೇಳಿ ಡ್ರೈವರನಿಗೆ ನಗು ಬಂತು. “ರೋಗಕ್ಕೊಂದು ಹೆಸರಿದೆಯಲ್ಲ, ಸಾಕು. ಇನ್ನು ನಾಟಕ ಅನ್ನೋರ ಬಾಯಿ ಮುಚ್ಚುತ್ತೆ,” ಅಂದ. ಅವತ್ತಿನಿಂದ ಮೇಡಂ ಎನ್ನುವುದನ್ನು ಬಿಟ್ಟು ಅಕ್ಕ ಎಂದು ಕರೆಯತೊಡಗಿದ. ಗೋಡೆಯ ಫೋಟೋವನ್ನು ಡಾಕ್ಟರಮ್ಮ ತಾವೇ ಕುರ್ಚಿ ಹತ್ತಿ ಇಳಿಸಿದರು. ಅದಿದ್ದ ಜಾಗದಲ್ಲಿ ಗೋಡೆ ಬೆಳ್ಳಗೆ ಉಳಿದುಕೊಂಡಿತು. ಬಂದವರು ಈಗ ಆ ಬಿಳಿ ಚೌಕವನ್ನೇ ನೋಡುತ್ತ ಕೂರುತ್ತಾರೆ.

ಮಗಳಿಗೆ ಹೇಳಿದ್ದು ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಅವಳು ಅಳಲಿಲ್ಲ. “ರಕ್ತ ಕಮ್ಮಿ ಅಂತ ಸುಳ್ಳು ಹೇಳಿ ತಗೊಂಡೆಯಾ?” ಎಂದಷ್ಟೇ ಕೇಳಿದಳು. ಆಮೇಲೆ ಮಾತು ಬಿಟ್ಟಳು. ಊಟ ಬಡಿಸುತ್ತಿದ್ದಳು, ಅಮ್ಮನ ಮಾತ್ರೆ ಎತ್ತಿ ಕೊಡುತ್ತಿದ್ದಳು, ಬೇಕು ಬೇಡ ಎರಡನ್ನೂ ಹೇಳುತ್ತಿರಲಿಲ್ಲ. ಕೊಳವೆ ಲ್ಯಾಬಿನ ಫ್ರಿಜ್ಜಿನಲ್ಲೇ ಇತ್ತು. ನಾರ್ಮಲಕ್ಕ ಬಾಗಿಲು ತೆರೆದಾಗಲೆಲ್ಲ ಅದನ್ನು ನೋಡದ ಹಾಗೆ ನೋಡುತ್ತಿದ್ದಳು.

ಒಂದು ರಜೆಯ ಮಧ್ಯಾಹ್ನ ಗಂಡನಿಗೆ ಹಳೆಯ ಅಸ್ತರಿನ ಬಟ್ಟೆ ಬೇಕಾಯಿತು. ಹಿಂದಿನ ಕೋಣೆಯ ಬಾಗಿಲು ತೆರೆದು ಎಷ್ಟೋ ತಿಂಗಳಾಗಿತ್ತು. ಮಗಳು ಚಿಲಕ ತೆಗೆದು ಮುಂದೆ ಹೋದಳು, ಹಿಂದೆಯೇ ನಾರ್ಮಲಕ್ಕ. ಹೊಸ್ತಿಲು ದಾಟಿದ ಕೂಡಲೇ ಮಗಳು ನಿಂತುಬಿಟ್ಟಳು. ಕೈ ಮೇಲೆದ್ದಿತು. ಅಂಗೈ ಹೊರಕ್ಕೆ ತಿರುಗಿತು. ಮುಖದ ಮುಂದಿನ ಗಾಳಿಯನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿತು.

ನಾರ್ಮಲಕ್ಕ ಹೊಸ್ತಿಲು ದಾಟಿ ಮುಂದೆ ನುಗ್ಗಿದಳು. ಮಗಳನ್ನು ಸರಿಸಿ ಆ ಜಾಗಕ್ಕೆ ಕಣ್ಣಿಟ್ಟಳು. ಎಳೆಗಳು ಕಂಡವು. ಆದರೆ ಅವಳಿಗೆ ಎಳೆ ಎಲ್ಲಿ ತಾನೇ ಕಾಣುತ್ತಿರಲಿಲ್ಲ? ಕೈ ಚಾಚಿ ಬೆರಳಾಡಿಸಿದಳು. ಬೆರಳ ತುದಿಗೆ ಏನೂ ತಿಳಿಯಲಿಲ್ಲ. ಕಣ್ಣು ನಂಬುವಂತಿಲ್ಲ, ಬೆರಳು ಹೇಳುವಂತಿಲ್ಲ. ಕೊನೆಗೆ ಆ ಬೆರಳನ್ನು ತಂದು ತನ್ನ ಕೆನ್ನೆಗೆ ಒರೆಸಿಕೊಂಡಳು.

ಅಂಟಿತು. ತೆಳ್ಳಗೆ, ಜಿಗುಟಾಗಿ, ಧೂಳಿನ ಸಮೇತ ಕೆನ್ನೆಗೆ ಅಂಟಿಕೊಂಡಿತು.

“ನಿಜವಾದ ಬಲೆ ಕಣೇ,” ಅಂದಳು. “ಜೇಡ ಕಟ್ಟಿದ್ದೇ.” ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಅತ್ತಳು, ನಕ್ಕಳು, ಯಾವುದು ಯಾವುದೆಂದು ಅವಳಿಗೇ ಗೊತ್ತಾಗಲಿಲ್ಲ.

ಮಗಳು ಅಮ್ಮನ ಕೆನ್ನೆಯ ಮೇಲಿನ ಬಲೆಯನ್ನು ತನ್ನ ಬೆರಳಿಂದ ತೆಗೆದಳು. ತೆಗೆದು, ಅದನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದಳು.

“ನಾನು ಕೈ ಎತ್ತಿದಾಗಲೆಲ್ಲ ಹೀಗೆ ಕೆನ್ನೆಗೆ ಒರೆಸಿಕೊಂಡು ನೋಡ್ತಾ ಇರ್ತೀಯಾ?” ಅಂದಳು. “ಬೇಡಮ್ಮ. ನಾಳೆ ಹೋದ ತಕ್ಷಣ ಆ ಟ್ಯೂಬನ್ನ ಫ್ರಿಜ್ಜಿಂದ ತೆಗೆದು ಯಂತ್ರಕ್ಕೆ ಹಾಕ್ಸು.”